ಮೈ ಬರುವ ಮಾತ್ರೆ

ಮಿರ್ಲೆಯ ಸುತ್ತಮುತ್ತ ಗದ್ದೆ ನಾಟಿಗೆ ಹೆಣ್ಣಾಳು ಬೇಕೆಂದರೆ ಮೊದಲು ಸಣ್ಣತಾಯಮ್ಮನ ಬಾಗಿಲಿಗೆ ಬರಬೇಕು. ಹನ್ನೆರಡು ಮಂದಿಯ ತಂಡ ಅವಳದು. ಯಾವ ಗದ್ದೆಗೆ ಯಾವತ್ತು, ಯಾರು ಬರುತ್ತಾರೆ, ಯಾರಿಗೆ ಸೊಂಟ ಹಿಡಿದಿದೆ, ಯಾರು ಸೊಂಟ ಹಿಡಿದಿದೆಯೆಂದು ಸುಳ್ಳು ಹೇಳಿ ತವರಿಗೆ ಹೋಗಿದ್ದಾಳೆ, ಎಲ್ಲವೂ ಅವಳಿಗೆ ಗೊತ್ತು. ಗಂಡ ಚಾಮಯ್ಯ ಕೆ.ಆರ್. ನಗರದ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವನು. ಅವನಿಗೆ ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಇವಳೇ ಆಡಿ ಮುಗಿಸುತ್ತಾಳೆ. ಇಂಥ ಬಾಯಿಯವಳು ತನ್ನ ಜೀವಮಾನದಲ್ಲಿ ಒಂದೇ ಒಂದು ಸಲ, ಮೂರು ದಿನ, ಆಡಬೇಕಾದ ಮಾತನ್ನು ಆಡದೆ ನುಂಗಿಕೊಂಡಿದ್ದಳು.

ಅವರಿಗೆ ಒಬ್ಬಳೇ ಮಗಳು, ಸುಕನ್ಯ. ಹುಟ್ಟಿದಾಗಿನಿಂದ ಕಡ್ಡಿ. ನಾಲೆ ಏರಿಯ ಮೇಲೆ ಶಾಲೆಗೆ ಹೋಗುವಾಗ ಬೇರೆ ಮಕ್ಕಳು ನಡೆದರೆ ಇವಳು ಓಡುತ್ತಿದ್ದಳು. ಅದನ್ನು ನೋಡಿದವರು ಹೈಸ್ಕೂಲಿನ ಆಟದ ಮೇಷ್ಟ್ರು ಗುರುಮಲ್ಲಪ್ಪ. ದಿನಾ ಬೆಳಿಗ್ಗೆ ಆರಕ್ಕೆ ಶಾಲೆಯ ಮೈದಾನದಲ್ಲಿ ಹತ್ತು ಹನ್ನೆರಡು ಮಕ್ಕಳನ್ನು ಓಡಿಸುತ್ತಿದ್ದ ಅವರು ಸುಕನ್ಯಳನ್ನೂ ಸೇರಿಸಿಕೊಂಡರು. ಮೂರು ವರ್ಷದಲ್ಲಿ ಅವಳು ಸಾವಿರದ ಐನೂರು ಮೀಟರ್ ಓಟದಲ್ಲಿ ತಾಲ್ಲೂಕು ದಾಟಿ, ಜಿಲ್ಲೆ ದಾಟಿ, ಒಂಬತ್ತನೇ ಕ್ಲಾಸಿನಲ್ಲಿ ರಾಜ್ಯಕ್ಕೇ ಎರಡನೆಯವಳಾದಳು. ರಾಷ್ಟ್ರಮಟ್ಟದ ಶಾಲಾ ಕ್ರೀಡಾಕೂಟಕ್ಕೆ ಆಯ್ಕೆಯಾದಳು. ಉತ್ತರದ ಯಾವುದೋ ಊರಿನಲ್ಲಿ, ಜನವರಿಯಲ್ಲಿ. ರೈಲಿನಲ್ಲಿ ಎರಡು ದಿನದ ದಾರಿ. ಮೈಸೂರಿನಿಂದಾಚೆ ಹೋಗದ ಮನೆಯಲ್ಲಿ ಇದು ಸಣ್ಣ ಸುದ್ದಿಯಲ್ಲ.

ಗುರುಮಲ್ಲಪ್ಪನವರಿಗೆ ಎರಡು ಹಟ ಇತ್ತು. ಒಂದು, ಪ್ರತಿ ಶನಿವಾರ ಮೈದಾನದ ಎದುರಿನ ನ್ಯಾಯಬೆಲೆ ಅಂಗಡಿಯ ತಕ್ಕಡಿಯ ಮೇಲೆ ಮಕ್ಕಳನ್ನು ನಿಲ್ಲಿಸಿ ತೂಕ ಬರೆದುಕೊಳ್ಳುವುದು. ಅಕ್ಕಿಗೆ ನಿಂತವರೆಲ್ಲ, "ಈ ಮೂಟೆ ಎಷ್ಟು ಕೆಜಿ ಮೇಷ್ಟ್ರೇ?" ಎಂದು ಕಿಚಾಯಿಸುತ್ತಿದ್ದರು. ಇನ್ನೊಂದು, ತಿಂಗಳಿಗೊಮ್ಮೆ ಅಪ್ಪನೋ ಅವ್ವನೋ ಮೈದಾನಕ್ಕೆ ಬಂದು, ಆ ತಿಂಗಳು ಮಗುವಿಗೆ ಏನೇನು ಔಷಧಿ ಕೊಟ್ಟೆವೆಂದು ಹೇಳಿ, ಅವರ ಪುಸ್ತಕದಲ್ಲಿ ರುಜು ಹಾಕಬೇಕು. ಹಿಂದೊಮ್ಮೆ ಅವರ ಹತ್ತಿರ ಕಲಿತ ಹುಡುಗನೊಬ್ಬ ಪೊಲೀಸ್ ಭರ್ತಿಯ ಓಟಕ್ಕೆಂದು ಯಾರೋ ಕೊಟ್ಟ ಸೂಜಿ ಚುಚ್ಚಿಸಿಕೊಂಡು ಮೈದಾನದಲ್ಲೇ ಬಿದ್ದಿದ್ದನಂತೆ. ಬದುಕಿದ, ಆದರೆ ಮತ್ತೆ ಓಡಲಿಲ್ಲ. ಅವತ್ತಿನಿಂದ ಈ ಪುಸ್ತಕ. ಬಹಳ ಜನ ಅಪ್ಪಂದಿರು ಗೊಣಗುತ್ತಲೇ ಬರುತ್ತಿದ್ದರು. ಸಣ್ಣತಾಯಮ್ಮ ಮಾತ್ರ ಒಂದು ತಿಂಗಳೂ ತಪ್ಪಿಸಲಿಲ್ಲ.

"ಔಸದಿ ಏನಾರ ಕೊಟ್ರಾ, ಸಣ್ಣತಾಯಮ್ಮ?"

"ಏನೂ ಇಲ್ಲ ಕಣ್ಸಾ."

ಅವರು 'ಏನೂ ಇಲ್ಲ' ಎಂದು ಬರೆಯುತ್ತಿದ್ದರು. ಇವಳು ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ಕೂರಿಸಿ ರುಜು ಹಾಕುತ್ತಿದ್ದಳು.

ಈಗ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಮಗು ತೆಳ್ಳಗಿದ್ದರೆ ಬಂದವರೆಲ್ಲ ಬೈಯುವುದು ಅವ್ವನನ್ನು. ಮಗು ಓಡಲಿ, ಗೆಲ್ಲಲಿ, ರಾಜ್ಯಕ್ಕೆ ಹೆಸರು ತರಲಿ, ಮೊದಲು ಕಣ್ಣಿಗೆ ಬೀಳುವುದು ಕತ್ತಿನ ಮೂಳೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಸೊಸೈಟಿಯ ಸಾಲಿನಲ್ಲಿ, ಯಾರೆಂದರೆ ಅವರು ಸುಕನ್ಯಳ ಮೊಣಕೈ ಹಿಡಿದು ನೋಡಿ, "ಯಾಕವ್ವ, ನಿಮ್ಮವ್ವ ಮುದ್ದೆ ಆಕಾಕಿಲ್ವಾ?" ಎಂದು ಕೇಳುತ್ತಿದ್ದರು. ಮೂರು ಹೊತ್ತೂ ಮುದ್ದೆ, ಹುರುಳಿ ಸಾರು, ಸಿಕ್ಕಾಗ ಮೊಟ್ಟೆ, ತಾನು ಉಪವಾಸವಿದ್ದರೂ ಮಗಳಿಗೆ ತಪ್ಪಿಸದ ಸಣ್ಣತಾಯಮ್ಮನಿಗೆ ಈ ಮಾತು ಕೆನ್ನೆಗೆ ಹೊಡೆದಂತೆ ಆಗುತ್ತಿತ್ತು. ಬೇರೆಯವರಿಗಾದರೆ ತಿರುಗಿಸಿ ಕೊಡುತ್ತಿದ್ದಳು. ಆದರೆ ಹುಣಸೂರಿನಲ್ಲಿರುವ ಚಾಮಯ್ಯನ ಅಕ್ಕ ಚಿಕ್ಕಸಿದ್ದಮ್ಮನಿಗೆ ಏನು ಹೇಳುವುದು? ರಾಷ್ಟ್ರಮಟ್ಟದ ಸುದ್ದಿ ಕೇಳಿ ತಮ್ಮನ ಮಗಳನ್ನು ಹರಸಲು ಬಂದ ಆಕೆ, ಒಂದು ಡಜನ್ ಹಸಿರು ಬಳೆ ತಂದು ಸುಕನ್ಯಳ ಕೈಗೆ ಹಾಕಿದಳು. ಕೈ ಎತ್ತಿದರೆ ಬಳೆಗಳೆಲ್ಲ ಸರ್ರನೆ ಜಾರಿ ಮೊಣಕೈಗೆ ಹೋಗಿ ನಿಂತವು. ಚಿಕ್ಕಸಿದ್ದಮ್ಮನ ಕಣ್ಣಲ್ಲಿ ನೀರೇ ಬಂತು.

"ಇಂಗಿದ್ರೆ ಆ ದೂರದೂರ್ನಲ್ಲಿ ಗಾಳಿಗೆ ತೂರ್ಕೊಂಡೋಯ್ತದೆ ಕಣೆ ಮಗ," ಎಂದಳು. "ನಮ್ಮ ಬೀದಿ ಐಕ್ಳೆಲ್ಲ ಒಂದ್ ಮಾತ್ರೆ ತಿಂದು ಎಂಗ್ ಆಗವ್ರೆ ಗೊತ್ತಾ? ನಾನು ತಂದ್ಕೊಡ್ತೀನಿ."

"ಔಸದಿ ಗಿವಸದಿ ಬ್ಯಾಡ ಅಂತಾರೆ ಅತ್ತಿಗೆ, ಮೇಷ್ಟ್ರು."

"ಔಸದಿ ಅಲ್ಲ ಕಣೆ! ಮೈ ಬರೋ ಮಾತ್ರೆ. ಕಾಯ್ಲೆ ಇದ್ರೆ ತಾನೆ ಔಸದಿ?"

ಅದು ಸಣ್ಣತಾಯಮ್ಮನಿಗೂ ಸರಿಯೆನಿಸಿತು. ಜ್ವರಕ್ಕೆ ಕೊಡುವುದು ಔಷಧಿ, ನೋವಿಗೆ ಕೊಡುವುದು ಔಷಧಿ. ಮೈ ಬರಲು ಕೊಡುವುದು ತುಪ್ಪ, ಬಾಳೆಹಣ್ಣು, ಅಂಥದ್ದೇ ಇದೂ ಒಂದು. ಮುಂದಿನ ವಾರವೇ ಹುಣಸೂರಿನಿಂದ ಮಾತ್ರೆ ಬಂತು. ಹಸಿರು ಹಾಳೆಯಲ್ಲಿ ಪುಟ್ಟ ಬಿಳಿ ಗುಂಡುಗಳು. ಮೆಂತ್ಯದ ಡಬ್ಬಿಯಲ್ಲಿಟ್ಟು, ಎರಡು ಹೊತ್ತು ಊಟವಾದ ಮೇಲೆ ಒಂದೊಂದು ಕೊಟ್ಟಳು. ಸುಕನ್ಯ ಮಜ್ಜಿಗೆಯ ಜೊತೆ ನುಂಗಿದಳು. ಅವ್ವ ಕೊಟ್ಟದ್ದನ್ನು ಏನು ಎತ್ತ ಎಂದು ಕೇಳುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

ಮಾತ್ರೆ ಹೇಳಿದಂತೆಯೇ ಕೆಲಸ ಮಾಡಿತು, ಅದೇ ಅದರ ಮೋಸ. ಒಂದು ತಿಂಗಳಿಗೆ ಹುಡುಗಿ ಎರಡು ಮುದ್ದೆಯ ಮೇಲೆ ಮೂರನೆಯದಕ್ಕೆ ಕೈ ಚಾಚಿದಳು. ಎರಡು ತಿಂಗಳಿಗೆ ಕೆನ್ನೆ ತುಂಬಿತು, ಮುಖ ದುಂಡಗಾಯಿತು, ಬಳೆ ಮಣಿಕಟ್ಟಿನಲ್ಲೇ ನಿಂತಿತು. ನಾಟಿಯ ಹೆಂಗಸರು, "ಈಗ ನೋಡವ್ವ, ಎಣ್ಣು ಎಣ್ಣಂಗಾದ್ಲು," ಎಂದರು. ಸಣ್ಣತಾಯಮ್ಮ ಆ ಎರಡು ತಿಂಗಳು ತಲೆಯೆತ್ತಿ ನಡೆದಳು. ಯಾರಾದರೂ ಮಗಳ ಮೊಣಕೈ ಹಿಡಿದು ನೋಡಲಿ ಎಂದು ಕಾಯುತ್ತಿದ್ದಳು ಕೂಡ.

ಊರೆಲ್ಲ ಹೊಗಳುವಾಗ ಮುಖ ಗಂಟಿಕ್ಕಿದವರು ಗುರುಮಲ್ಲಪ್ಪನವರೊಬ್ಬರೇ. ತಕ್ಕಡಿಯಲ್ಲಿ ನಾಲ್ಕು ಕೆಜಿ ಏರಿತ್ತು. ಓಟ ಆರು ಸೆಕೆಂಡ್ ನಿಧಾನವಾಗಿತ್ತು. ಮೂರನೇ ಸುತ್ತಿಗೆ ಹುಡುಗಿಯ ತೊಡೆ ಸೋಲುತ್ತಿತ್ತು. ಡಿಸೆಂಬರಿನ ರುಜುವಿಗೆ ಬಂದಾಗ ಅವರು ಎರಡು ಸಲ ಕೇಳಿದರು. "ಔಸದಿ ಏನೂ ಇಲ್ವಾ, ತಾಯಿ? ಸರಿಯಾಗಿ ಗೆಪ್ತಿ ಮಾಡ್ಕಳಿ."

"ಏನೂ ಇಲ್ಲ ಕಣ್ಸಾ," ಎಂದಳು. ಅವಳ ಮಟ್ಟಿಗೆ ಅದು ನಿಜವೇ ಆಗಿತ್ತು.

ಜನವರಿಯ ಮೊದಲ ಭಾನುವಾರ ಹುಣಸೂರಿನಲ್ಲಿ ಸುತ್ತಲ ನಾಲ್ಕು ತಾಲ್ಲೂಕಿನ ಆಟದ ಮೇಷ್ಟ್ರುಗಳಿಗೂ ತಂದೆತಾಯಿಗಳಿಗೂ ಒಂದು ಸಭೆ ಇತ್ತು. ಪಿರಿಯಾಪಟ್ಟಣದಿಂದ, ಎಚ್.ಡಿ. ಕೋಟೆಯಿಂದ ಜನ ಬಂದಿದ್ದರು. ರೈಲು ಗುರುವಾರಕ್ಕೆ. ಗುರುಮಲ್ಲಪ್ಪನವರು ಸಣ್ಣತಾಯಮ್ಮನನ್ನೂ ಕರೆದುಕೊಂಡು ಹೋದರು. ಮೊದಲು ಯಾರೋ ಅಧಿಕಾರಿಗಳು ಉದ್ದೀಪನ ಮದ್ದು, ಶುದ್ಧ ಕ್ರೀಡೆ ಎಂದೆಲ್ಲ ಮಾತಾಡಿದರು. ಸಣ್ಣತಾಯಮ್ಮನಿಗೆ ತೂಕಡಿಕೆ ಬಂತು. ಅದೆಲ್ಲ ಟಿವಿಯಲ್ಲಿ ಬರುವ ದೊಡ್ಡ ಆಟಗಾರರ ಕಳ್ಳಾಟ, ತನಗೇಕೆ? ಆಮೇಲೆ ಡಾಕ್ಟರಮ್ಮನೊಬ್ಬರು ಎದ್ದು ಬಂದು, ಒಂದು ತಟ್ಟೆಯಲ್ಲಿ ಮಾತ್ರೆ, ಪುಡಿ, ಸೀಸೆಗಳನ್ನಿಟ್ಟು ಒಂದೊಂದನ್ನೇ ಎತ್ತಿ ತೋರಿಸಿದರು. ಮೂರನೆಯದು ಹಸಿರು ಹಾಳೆ, ಪುಟ್ಟ ಬಿಳಿ ಗುಂಡುಗಳು.

ಸಣ್ಣತಾಯಮ್ಮನ ತೂಕಡಿಕೆ ಅಲ್ಲೇ ಹಾರಿಹೋಯಿತು.

"ಇದನ್ನ ಮೈ ಬರೋ ಮಾತ್ರೆ ಅಂತ ಮಾರ್ತಾರೆ," ಎಂದರು ಡಾಕ್ಟರಮ್ಮ. "ಇದರಲ್ಲಿರೋದು ಸ್ಟೀರಾಯ್ಡ್. ಬರೋದು ಮೈಯಲ್ಲ, ಊತ. ಒಳಗೆ ಮೂಳೆ, ಮಾಂಸ ಸವೆಯುತ್ತೆ. ಓಡೋ ಮಕ್ಕಳಿಗೆ ಕೊಟ್ಟು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ, ಅಮ್ಮ ಕೊಟ್ಟಿದ್ದು, ನಂಗೊತ್ತಿರಲಿಲ್ಲ ಅಂದರೂ ಸುಲಭಕ್ಕೆ ಬಿಡೋದಿಲ್ಲ. ಹೆಸರು ಕೆಡುತ್ತೆ, ಓಟ ನಿಲ್ಲುತ್ತೆ." ಇನ್ನೂ ಏನೇನೋ ಹೇಳಿದರು. ಸಣ್ಣತಾಯಮ್ಮನಿಗೆ ಆಮೇಲಿನದು ಕಿವಿಗೆ ಬೀಳಲಿಲ್ಲ.

ವಾಪಸು ಬಸ್ಸಿನಲ್ಲಿ ಮೇಷ್ಟ್ರು ಪಕ್ಕದಲ್ಲೇ ಕೂತಿದ್ದರು. ಹೇಳಬಹುದಿತ್ತು. ಹೇಳಿದರೆ ರೈಲು ತಪ್ಪುತ್ತದೆ. ಮಗಳು ಹೊಸ ನೀಲಿ ಟ್ರ್ಯಾಕ್‌ಸೂಟನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದಾಳೆ. ಹೇಳಿದರೆ ಅವ್ವನೇ ಮಗಳಿಗೆ ವಿಷ ಹಾಕಿದಳು ಎಂದಾಗುತ್ತದೆ. ಹೇಳದಿದ್ದರೆ? ಸಾವಿರ ಮಕ್ಕಳು ಓಡುವಲ್ಲಿ ಇವಳನ್ನೇ ಯಾಕೆ ಹಿಡಿದು ಪರೀಕ್ಷೆ ಮಾಡುತ್ತಾರೆ? ಇವತ್ತಿನಿಂದಲೇ ನಿಲ್ಲಿಸಿದರಾಯಿತು. ಮನೆಗೆ ಬಂದವಳೇ ಮೆಂತ್ಯದ ಡಬ್ಬಿಯಿಂದ ಮಾತ್ರೆ ತೆಗೆದು ಒಲೆಗೆ ಹಾಕಿದಳು. ಮಗಳು, "ಮಾತ್ರೆ ಎಲ್ಲವ್ವ?" ಎಂದದ್ದಕ್ಕೆ, "ಮುಗೀತು ಬುಡು," ಎಂದಳು. ಭಾನುವಾರ, ಸೋಮವಾರ, ಮಂಗಳವಾರ. ಗದ್ದೆಯಲ್ಲಿ ಹೆಂಗಸರು, "ಇದ್ಯಾಕೆ ಸಣ್ಣತಾಯಿ ಬಾಯಿಗೆ ಬೀಗ ಬಿದ್ದದೆ?" ಎಂದು ನಕ್ಕರು.

ಬುಧವಾರ ಬೆಳಿಗ್ಗೆ ಕೊನೆಯ ಅಭ್ಯಾಸ. ಸಣ್ಣತಾಯಮ್ಮನೂ ಮೈದಾನಕ್ಕೆ ಹೋದಳು, ಮನೆಯಲ್ಲಿ ಕೂರಲಾಗದೆ. ಸುಕನ್ಯ ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ, ಕೈಕಾಲು ಬಿದ್ದುಹೋಗುತ್ತಿದೆ ಎನ್ನುತ್ತಿದ್ದಳು. ಒಂದು ಸುತ್ತು ಮುಗಿಸಿ ಎರಡನೆಯದರ ತಿರುವಿನಲ್ಲಿ ವಾಂತಿ ಮಾಡಿಕೊಂಡು ಕುಸಿದಳು. ಗುರುಮಲ್ಲಪ್ಪನವರು ಓಡಿಹೋಗಿ ಎತ್ತಿ, ನೆರಳಿಗೆ ತಂದು ಮಲಗಿಸಿ, ಮುಖಕ್ಕೆ ನೀರು ಹಾಕಿದರು.

"ನಾಳೆ ಹೊರಡೋ ಗಾಬರಿ ಇರ್ಬೇಕು," ಎಂದರು. "ಎದ್ರುಕೋಬ್ಯಾಡಿ ತಾಯಿ. ಗ್ಲೂಕೋಸ್ ಕುಡ್ದು ಮಲಗಿದ್ರೆ ಸರಿಹೋಯ್ತದೆ."

ತಪ್ಪಿಸಿಕೊಳ್ಳಲು ಬಾಗಿಲು ತೆರೆದೇ ಇತ್ತು. ಹೌದು ಸಾ, ಗಾಬರಿ ಎಂದಿದ್ದರೆ ಮುಗಿಯಿತು. ಸಣ್ಣತಾಯಮ್ಮ ಮಗಳ ಮುಖ ನೋಡಿದಳು. ತಾನು ಎರಡು ತಿಂಗಳು ಹೆಮ್ಮೆಪಟ್ಟ ಆ ದುಂಡು ಮುಖ ಬಿಳಿಚಿಕೊಂಡಿತ್ತು. ಹಸಿರು ಬಳೆ ಊದಿದ ಮಣಿಕಟ್ಟನ್ನು ಕಚ್ಚಿಕೊಂಡಿತ್ತು.

"ಗಾಬ್ರಿ ಅಲ್ಲ ಕಣ್ಸಾ," ಎಂದಳು. "ನಾನು. ನಾನು ಮಾತ್ರೆ ಕೊಟ್ಟಿದ್ದೆ. ಆ ಡಾಕ್ಟ್ರಮ್ಮ ತೋರುಸ್ದ್ರಲ್ಲ, ಅದೇಯ. ಭಾನ್ವಾರ ನಿಲ್ಲುಸ್ಬುಟ್ಟೆ. ನಿಮ್ಗೆ ಯೋಳ್ನಿಲ್ಲ."

ಮೈದಾನದಲ್ಲಿ ಹನ್ನೆರಡು ಮಕ್ಕಳು, ಅಕ್ಕಿಗೆ ಬಂದ ಏಳೆಂಟು ಜನ ಇದ್ದರು. ಎಲ್ಲರೂ ಕೇಳಿದರು. ಮೇಷ್ಟ್ರು ಕೋಪಿಷ್ಠರು, ಅದು ಊರಿಗೇ ಗೊತ್ತು. ಈಗ ಬೈಯುತ್ತಾರೆ ಎಂದು ಸಣ್ಣತಾಯಮ್ಮ ತಲೆ ತಗ್ಗಿಸಿ ನಿಂತಳು. ಅವರು ಬೈಯಲಿಲ್ಲ. ಯಾರದೋ ಆಟೋ ಕೂಗಿ ನಿಲ್ಲಿಸಿ, ಅವ್ವ ಮಗಳಿಬ್ಬರನ್ನೂ ಹತ್ತಿಸಿಕೊಂಡು, ನೇರ ಕೆ.ಆರ್. ನಗರದ ಆಸ್ಪತ್ರೆಗೆ ಕರೆದೊಯ್ದರು.

ಆ ಮಾತ್ರೆಯನ್ನು ಹಾಗೆ ಒಂದೇ ಏಟಿಗೆ ನಿಲ್ಲಿಸಬಾರದಂತೆ. ಎರಡು ತಿಂಗಳು ಹೊರಗಿನಿಂದ ಬಂದದ್ದಕ್ಕೆ ಒಗ್ಗಿದ ಮೈ ತಾನು ಮಾಡಬೇಕಾದ ಕೆಲಸವನ್ನು ಮರೆತಿರುತ್ತದಂತೆ. "ಇವತ್ತು ಹೇಳಿದ್ದು ಒಳ್ಳೇದಾಯ್ತು. ಹೀಗೇ ರೈಲು ಹತ್ತಿಸಿದ್ದಿದ್ರೆ ದಾರೀಲಿ ಏನಾಗ್ತಿತ್ತೋ ಹೇಳೋಕಾಗಲ್ಲ," ಎಂದರು ಡಾಕ್ಟರು. ವಾರ ವಾರ ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬಿಡಿಸಬೇಕು, ತಿಂಗಳ ಮೇಲಾಗುತ್ತದೆ, ಅಲ್ಲಿಯತನಕ ಓಟವಿಲ್ಲ ಎಂದು ಚೀಟಿ ಬರೆದರು.

ಆಸ್ಪತ್ರೆಯ ಜಗಲಿಯಲ್ಲಿ ಗುರುಮಲ್ಲಪ್ಪನವರು ಪುಸ್ತಕ ತೆಗೆದರು. ಡಿಸೆಂಬರಿನ ಪುಟ, 'ಏನೂ ಇಲ್ಲ', ಕೆಳಗೆ ಅವಳ ರುಜು. ಸಣ್ಣತಾಯಮ್ಮನಿಗೆ ಅದನ್ನು ನೋಡಲಾಗಲಿಲ್ಲ.

"ಅವತ್ತು ಕೇಳ್ದಾಗ ನೀವು ಸುಳ್ ಯೋಳ್ದ್ರಾ?" ಎಂದರು.

"ಇಲ್ಲ ಸಾ. ದೇವ್ರಾಣೆ. ಅದು ಔಸದಿ ಅಂತ ನಂಗೆ ಅನ್ನುಸ್ನೇ ಇಲ್ಲ."

ಅವರು ಆ ಪುಟವನ್ನು ಮತ್ತೊಮ್ಮೆ ನೋಡಿದರು. ಆಮೇಲೆ, "ಅಂಗಾದ್ರೆ ತಪ್ಪು ಕೇಳ್ದೋನ್ದು," ಎಂದರು. "ಔಸದಿ ಏನು ಕೊಟ್ರಿ ಅಂತ ಇಪ್ಪತ್ತು ವರ್ಸದಿಂದ ಕೇಳ್ತಾವ್ನಿ. ಮೈ ಬರ್ಲಿ ಅಂತ ಏನು ಕೊಟ್ರಿ, ನಿದ್ದೆ ಬರ್ಲಿ ಅಂತ ಏನು ಕೊಟ್ರಿ, ಬೆಳ್ಳಗಾಗ್ಲಿ ಅಂತ ಏನು ಕೊಟ್ರಿ, ಅಂತ ಕೇಳ್ಬೇಕಿತ್ತು. ನಾನೂ ಅಳ್ಳಿಯವ್ನೇ. ನಂಗೆ ಒಳೀಲಿಲ್ಲ." ಎಂದು ಪೆನ್ನು ತೆಗೆದು ಪುಸ್ತಕದ ಮೊದಲ ಪುಟದ ಪ್ರಶ್ನೆಯನ್ನು ಹೊಡೆದುಹಾಕಿ, ಅಲ್ಲೇ ಹೊಸದಾಗಿ ಬರೆದರು.

ಸಣ್ಣತಾಯಮ್ಮ ಅವತ್ತು ಅತ್ತದ್ದು ಮಗಳ ಓಟ ತಪ್ಪಿತೆಂದಲ್ಲ. ಮೂರು ದಿನ ಮುಚ್ಚಿಟ್ಟ ತನಗೆ ಒಂದು ಮಾತೂ ಅನ್ನದೆ, ತಪ್ಪಿನ ಅರ್ಧವನ್ನು ತಾವೇ ಎತ್ತಿಕೊಂಡರಲ್ಲ ಈ ಮನುಷ್ಯ ಎಂದು ಅತ್ತಳು. ಅವರ ಕಾಲು ಮುಟ್ಟಲು ಬಗ್ಗಿದರೆ ಅವರು ಗದರಿದರು. ಕೋಪಿಷ್ಠರಲ್ಲವೇ.

ಗುರುವಾರ ರೈಲು ಹೋಯಿತು. ಸುಕನ್ಯ ಟ್ರ್ಯಾಕ್‌ಸೂಟನ್ನು ಮಡಚಿ ಟ್ರಂಕಿನ ತಳಕ್ಕೆ ಹಾಕಿದಳು. ಅವ್ವನ ಜೊತೆ ಮಾತು ಬಿಟ್ಟಳು. ಒಂದು ದಿನವಲ್ಲ ಎರಡು ದಿನವಲ್ಲ, ಇಪ್ಪತ್ತಮೂರು ದಿನ. ತಟ್ಟೆ ಇಟ್ಟರೆ ಉಣ್ಣುತ್ತಿದ್ದಳು, ಎದ್ದು ಹೋಗುತ್ತಿದ್ದಳು. ಬಾಯಿ ಸತ್ತವನೆಂದೇ ಹೆಸರಾದ ಚಾಮಯ್ಯ ಒಂದು ಸಂಜೆ ಗಿರಣಿಯಿಂದ ಬಂದು, ತಲೆಯ ಟವಲು ಬಿಚ್ಚುತ್ತ, ಮಗಳಿಗೆ ಹೇಳಿದ: "ನಾನು ಮೂಟೆ ಕೆಳಿಕ್ ಬೀಳುಸ್ದಾಗ್ಲೆಲ್ಲ ನಾನಲ್ಲ ಅಂತಲೇ ಯೋಳಿವ್ನಿ ಕಣ್ ಮಗ. ನಿಮ್ಮವ್ವ ಊರ್ ಮುಂದೆ ನಿಂತ್ಕೊಂಡು ನಾನೇ ಅಂದ್ಲು." ಅಷ್ಟು ಹೇಳಿ ಕೈಕಾಲು ತೊಳೆಯಲು ಹೋದ. ಅವನು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ಸಣ್ಣತಾಯಮ್ಮ ಮದುವೆಯಾದ ಮೇಲೆ ಕೇಳಿರಲಿಲ್ಲ.

ಮಾರನೆಯ ದಿನ ಸುಕನ್ಯ, ಗೋಡೆಯ ಕಡೆ ನೋಡುತ್ತ, "ಇನ್ನೊಂದು ಮುದ್ದೆ ಆಕು," ಎಂದಳು. ಸಣ್ಣತಾಯಮ್ಮನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಬೇಸಿಗೆ ಮುಗಿಯುವ ಹೊತ್ತಿಗೆ ಊತ ಇಳಿಯಿತು, ಬಳೆ ಮತ್ತೆ ಮೊಣಕೈಗೆ ಜಾರಿತು. ಸುಕನ್ಯ ನಾಲೆ ಏರಿಯ ಮೇಲೆ ಮೊದಲು ನಡೆದಳು, ಆಮೇಲೆ ಓಡಿದಳು. ಚಿಕ್ಕಸಿದ್ದಮ್ಮ ಹುಣಸೂರಿನಿಂದ ಅಳುತ್ತಲೇ ಬಂದಳು. ಸಣ್ಣತಾಯಮ್ಮ ಬೈಯಬೇಕೆಂದು ಒಂದು ವಾರದಿಂದ ಮಾತು ಜೋಡಿಸಿಟ್ಟಿದ್ದಳು. ಆಕೆಯ ಮುಖ ನೋಡಿ ಮೇಷ್ಟ್ರು ನೆನಪಾದರು. "ಬುಡತ್ತಿಗೆ, ನೀನೂ ಪ್ರೀತಿಗೇ ಕೊಟ್ಟೆ, ನಾನೂ ಪ್ರೀತಿಗೇ ಕೊಟ್ಟೆ," ಎಂದು ಕಾಫಿ ಕಾಸಿದಳು. ಈಗ ಹುಣಸೂರಿನ ಆ ಬೀದಿಯಲ್ಲಿ ಯಾರಾದರೂ ಹಸಿರು ಹಾಳೆ ಹಿಡಿದು ಬಂದರೆ ಮೊದಲು ಎಗರುವುದು ಚಿಕ್ಕಸಿದ್ದಮ್ಮನೇ.

ಮುಂದಿನ ಸಭೆ ಎಚ್.ಡಿ. ಕೋಟೆಯ ಎನ್. ಬೇಗೂರಿನಲ್ಲಿ ಆಯಿತು. ಗುರುಮಲ್ಲಪ್ಪನವರು, "ನಾವು ಯೋಳಿದ್ರೆ ಜನ ತೂಕಡಿಸ್ತಾರೆ. ನೀವು ಬನ್ನಿ," ಎಂದರು. ನಾಟಿ ತಂಡಕ್ಕೆ ಒಂದು ದಿನ ರಜೆ ಹೇಳಿ ಸಣ್ಣತಾಯಮ್ಮ ಹೋದಳು. ಮೈಕು ಬೇಡವೆಂದಳು, ಗದ್ದೆಯ ಈ ಬದುವಿನಿಂದ ಆ ಬದುವಿಗೆ ಕೂಗುವ ಗಂಟಲು ಅದು. "ಯಾರ್ ಮನೇಲಿ ಕಡ್ಡಿಯಂಗಿರೋ ಮಗ ಅದೆ, ಕೈ ಎತ್ರವ್ವ," ಎಂದಳು. ಹತ್ತಾರು ಕೈ ಎದ್ದವು. "ಅದನ್ನ ನೋಡಿ ಜನ ನಿಮ್ಗೆ ಏನಂತಾರೆ?" ಎಂದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಅಷ್ಟಾದ ಮೇಲೆ ಒಬ್ಬರೂ ತೂಕಡಿಸಲಿಲ್ಲ. ತಾನು ಮುಚ್ಚಿಟ್ಟ ಮೂರು ದಿನವನ್ನೂ ಬಿಡದೆ ಹೇಳಿದಳು. ಮುಗಿದ ಮೇಲೆ ಕೇರಳದ ಗಡಿಯ ಕಡೆಯ ತಾಯಿಯೊಬ್ಬಳು ಹಿಂದೆ ಬಂದು, ಸೆರಗಿನ ಗಂಟಿನಿಂದ ಹಸಿರು ಹಾಳೆ ಬಿಚ್ಚಿ, ಇವಳ ಕೈಯಲ್ಲಿಟ್ಟಳು. ಸಣ್ಣತಾಯಮ್ಮ ಅವಳ ಕೈ ಬಿಡದೆ ಹಿಡಿದುಕೊಂಡು, "ಒಂದೇ ಏಟ್ಗೆ ನಿಲ್ಲುಸ್ಬ್ಯಾಡ ಕಣವ್ವ. ಬಾ, ಡಾಕ್ಟ್ರತ್ರ ಓಗಾನ," ಎಂದಳು.

ಎರಡು ವರ್ಷ ಕಳೆದ ಮೇಲೆ, ಹದಿನೇಳರ ಸುಕನ್ಯ ಮೈಸೂರಿನಲ್ಲಿ ರಾಜ್ಯಮಟ್ಟದ ಕೂಟದಲ್ಲಿ ಓಡಿದಳು. ಮೂರನೆಯವಳಾದಳು. ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ, ಕೊರಳಿಗೆ ಗುರುತಿನ ಪಟ್ಟಿ ಹಾಕಿದ ಹೆಂಗಸೊಬ್ಬರು ಬಂದು, ಚೀಟಿ ಎತ್ತಿದಾಗ ನಿನ್ನ ಹೆಸರು ಬಂದಿದೆ, ಮೂತ್ರ ಪರೀಕ್ಷೆಗೆ ಬರಬೇಕು, ಜೊತೆಗೆ ದೊಡ್ಡವರೊಬ್ಬರು ಬರಬಹುದು ಎಂದರು. ಸುಕನ್ಯ ಗುರುಮಲ್ಲಪ್ಪನವರ ಕಡೆ ನೋಡಿದಳು. ಅವರು ಸಣ್ಣತಾಯಮ್ಮನ ಕಡೆ ಕೈ ತೋರಿಸಿದರು.

"ನೀವು ಓಗಿ ತಾಯಿ. ಅದು ನಿಮ್ಮ ರುಜು."

ಸಣ್ಣ ಕೋಣೆ, ಒಂದು ಮೇಜು, ಮೂರು ಕುರ್ಚಿ. ಎಲ್ಲ ಮುಗಿದು, ಸೀಸೆಗಳಿಗೆ ಮುದ್ರೆ ಬಿದ್ದ ಮೇಲೆ, ಆ ಹೆಂಗಸು ಒಂದು ಹಾಳೆಯನ್ನು ಮುಂದಿಟ್ಟುಕೊಂಡು ಕೇಳಿದರು: "ಕಳೆದ ಏಳು ದಿನದಲ್ಲಿ ಯಾವುದಾದರೂ ಔಷಧಿ, ಮಾತ್ರೆ, ಪುಡಿ, ಟಾನಿಕ್ಕು ತಗೊಂಡಿದ್ದೀರಾ?"

ಪ್ರಶ್ನೆ ಮಗಳಿಗೆ. ಆದರೆ ಸುಕನ್ಯ ಅವ್ವನ ಮುಖ ನೋಡಿದಳು.

"ಏನೂ ಇಲ್ಲ ಕಣವ್ವಾ," ಎಂದಳು ಸಣ್ಣತಾಯಮ್ಮ. "ಮೈ ಬರಕ್ಕೂ ಇಲ್ಲ, ನಿದ್ದೆ ಬರಕ್ಕೂ ಇಲ್ಲ. ಮುದ್ದೆ, ಉಳ್ಳಿ ಸಾರು, ಮೊಟ್ಟೆ. ನಾನೇ ಬಡಿಸಿವ್ನಿ."

ಆ ಹೆಂಗಸು ನಕ್ಕು, ಬರೆದುಕೊಂಡು, ರುಜು ಹಾಕಲು ಹಾಳೆಯನ್ನು ತಿರುಗಿಸಿದರು. ಸಣ್ಣತಾಯಮ್ಮ ಪೆನ್ನು ಹಿಡಿದಳು. ಅಕ್ಷರಗಳು ಕಾಣಲಿಲ್ಲ, ಕಣ್ಣು ತುಂಬಿಬಿಟ್ಟಿತ್ತು. ಸೆರಗಿನಿಂದ ಒರೆಸಿಕೊಂಡು, ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ಕೂರಿಸಿ ಬರೆದಳು. ಆಮೇಲೆ ಪೆನ್ನು ಕೊಡದೆ ಹಾಗೇ ಕೂತಳು.

"ತಾಯಿ, ಮುಗೀತು. ನೀವು ಹೊರಡಬಹುದು."

"ಅವ್ವಾ, ನಿಮ್ಗೆ ತೊಂದ್ರೆ ಇಲ್ದೆ ಇದ್ರೆ," ಎಂದಳು ಸಣ್ಣತಾಯಮ್ಮ, "ಅದನ್ನ ಇನ್ನೊಂದ್ಸಲ ಕೇಳ್ತೀರಾ?"

ಆಕೆಗೆ ಏನೂ ಅರ್ಥವಾಗಲಿಲ್ಲ. ಆದರೂ ಒಳ್ಳೆಯ ಹೆಂಗಸು, ಹಾಳೆ ನೋಡಿ ಮತ್ತೆ ಕೇಳಿದರು.

ಈ ಸಲ ಸುಕನ್ಯ ಮೇಜಿನ ಕೆಳಗೆ ಅವ್ವನ ಕೈ ಹಿಡಿದುಕೊಂಡಳು. ಇಬ್ಬರೂ ಒಟ್ಟಿಗೇ ಹೇಳಿದರು:

"ಏನೂ ಇಲ್ಲ."